ನನ್ನನ್ನು ಉಳಿಸಿಕೊಂಡ ಊರು

ಹೊಸಪೇಟೆ ಹೊಸ ಜಿಲ್ಲೆಯ ಕೇಂದ್ರವಾದ ಮರುವರ್ಷ ನಾನು ಸಂಡೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕನಾಗಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ಗದ್ದೆ ಕೂಲಿ ಮಾಡುತ್ತ ಓದಿ ಪಡೆದ ಕೆಲಸ, ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಹೆಂಡತಿ ಗಿರಿಜಾ ಕಂಪ್ಲಿಯಲ್ಲಿ ನರ್ಸ್, ಮಗಳು ಅವಳ ಜೊತೆ. ನಾನು ಶನಿವಾರ ಹೋಗಿ ಸೋಮವಾರ ನಸುಕಿಗೆ ಹೊರಡುವ ನೆಂಟ.

ಒಮ್ಮೆ ತರಗತಿಯಲ್ಲಿ ‘ಇನ್‌ಫ್ಲುಯೆನ್ಸ್’ ಎಂಬ ಕ್ರಿಯಾಪದ ಬಂತು. ಇನ್ನೊಬ್ಬರ ಮನಸ್ಸಿನ ಮೇಲೆ ಪ್ರಭಾವ ಬೀರುವುದು ಎಂದರ್ಥ. ವಾಕ್ಯ ಮಾಡಿ ಎಂದೆ. ರೇಣುಕಾ ಎಂಬ ಹುಡುಗಿ ಎದ್ದಳು.

“ಸರ್, ನಮ್ಮ ಕಾಕಾ ಇನ್‌ಫ್ಲುಯೆನ್ಸ್ ಮಾಡಿಸಿ ಮೈನ್ಸ್‌ನ್ಯಾಗ ಕೆಲಸ ಹಿಡದಾನ್ರಿ.”

ಎಲ್ಲರೂ ನಕ್ಕರು. ನಮ್ಮ ಕಡೆ ಅದು ಮಾಡುವ ಕೆಲಸವಲ್ಲ, ದೊಡ್ಡವರಿಂದ ಮಾಡಿಸುವ ಕೆಲಸ. ಇಂಗ್ಲಿಷಿನಲ್ಲಿ ಹಾಗಲ್ಲ ಎಂದೆ. ಗೆಳತಿ ಓದುವುದನ್ನು ಕಂಡು ನೀನೂ ಓದಲು ಕೂತರೆ ಅವಳು ನಿನ್ನನ್ನು ಇನ್‌ಫ್ಲುಯೆನ್ಸ್ ಮಾಡಿದಂತೆ. ಅದಕ್ಕೆ ಯಾರ ಫೋನೂ ಬೇಕಿಲ್ಲ.

ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ, ಅಂದರೆ ಶಿಕ್ಷಕರನ್ನು ಸರದಿಯಂತೆ ಕರೆದು ಖಾಲಿ ಜಾಗ ಆರಿಸಲು ಬಿಡುವಾಗ, ನನಗೆ ಕಂಪ್ಲಿಯೇ ಸಿಕ್ಕಿತು. ಯಾರಿಂದಲೂ ಹೇಳಿಸಿರಲಿಲ್ಲ. ಗಿರಿಜಾ ನನ್ನ ಪುಸ್ತಕಗಳಿಗೆಂದು ಗೋಡೆಗೆ ಹಲಗೆ ಹೊಡೆಸಿದಳು. ಆದರೆ ಆದೇಶ ಬಂದರೆ ಸಾಲದು, ‘ರಿಲೀವ್’ ಆಗಬೇಕು. ಹೆಡ್‌ಮಾಸ್ಟರು ಕೆಲಸದಿಂದ ಬಿಡುಗಡೆ ಮಾಡಿದರೇ ಹೊರಡುವುದು.

ರಿಲೀವ್ ಆಗಬೇಕಿದ್ದ ದಿನ ಊರವರು ಹಾರ, ಪೇಡೆ ಹಿಡಿದು ಶಾಲೆಗೆ ಬಂದರು. ಬೀಳ್ಕೊಡಲು ಬಂದರೆಂದುಕೊಂಡೆ. ಶಾಲಾ ಸಮಿತಿಯ ಅಧ್ಯಕ್ಷ ಹನುಮಂತಪ್ಪನವರು ನನ್ನ ಕೊರಳಿಗೆ ಹಾರ ಹಾಕಿದರು.

“ಸರ್, ನೀವು ಎಲ್ಲಿಗೂ ಹೋಗಂಗಿಲ್ರಿ! ದೊಡ್ಡೋರ ಮನಿ ಮುಂದ ಊರೇ ಹೋಗಿ ಕುಂತ್ವಿ. ಇನ್‌ಫ್ಲುಯೆನ್ಸ್ ಮಾಡಿಸಿ ಆರ್ಡರ್ ನಿಲ್ಲಿಸೀವಿ.”

“ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ರಿ.”

“ಕೇಳಿದ್ರ ಬ್ಯಾಡ ಅಂತಿದ್ರಿ! ನಿಮ್ದು ಭಾಳ ಸಂಕೋಚದ ಸ್ವಭಾವ.”

ಮಕ್ಕಳು ಚಪ್ಪಾಳೆ ತಟ್ಟಿದರು. ರೇಣುಕಾ ಅಳುತ್ತ ನಗುತ್ತಿದ್ದಳು. ಅವರು ಕೊಟ್ಟ ಪೇಡೆ ತಿಂದೆ.

ಸಂಜೆ ಗಿರಿಜಾಗೆ ಫೋನ್ ಮಾಡಿದೆ.

“ಅಷ್ಟು ಪ್ರೀತಿ ಮಾಡೋರನ್ನ ಬೈಯಾಕೂ ಬರಲ್ಲ ನೋಡ್ರಿ. ತಿರುಗಿ ಆರ್ಡರ್ ಮಾಡಿಸಾಕ ನಮಗ ಯಾರೂ ದೊಡ್ಡೋರು ಗೊತ್ತಿಲ್ಲಲ್ಲ” ಎಂದಳು.

ಯಾರ ಒಳ್ಳೆಯದಕ್ಕೆಂದು ಮಾತು ಹಾಕುತ್ತೇವೋ ಅವರನ್ನು, ಅವರ ದಾರಿ ಕಾಯುವವರನ್ನು ಮೊದಲು ಕೇಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅದು. ಆ ವರ್ಷ ಆ ಊರಿನ ಹತ್ತನೇ ತರಗತಿಯ ಮಕ್ಕಳೆಲ್ಲ ಇಂಗ್ಲಿಷಿನಲ್ಲಿ ಪಾಸಾದರು.

ನನ್ನ ಮಗಳೂ ಆ ವರ್ಷ ಹತ್ತನೇ ತರಗತಿ. ಅವಳನ್ನು ಗಿರಿಜಾ ಇಂಗ್ಲಿಷ್ ಟ್ಯೂಷನ್‌ಗೆ ಹಚ್ಚಿದಳು.