ಸ್ಟ್ರೋಲರಿನಲ್ಲಿ ಕೂತ ಗುಂಡಪ್ಪ

ಒಳಕಲ್ಲಿನ ಗುಂಡನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಕಾಯಿಪಲ್ಲೆ ತರುವ ಚೀಲದೊಳಗೆ ಮೆಲ್ಲಗೆ ಇಟ್ಟುಕೊಂಡು ಅಂಗಡಿಗೆ ಹೊರಡುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಹೋದ ತಿಂಗಳು ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಿಂದ ಹಾಗೆ ಹೊರಟವಳು ನಾನು. ಜೊತೆಗೆ ತುಂಬು ಬಸುರಿಯಾದ ಮಗಳು ಗೀತಾ, ಅವಳ ಸೆರಗು ಹಿಡಿದುಕೊಂಡ ಮೊಮ್ಮಗಳು ಗೌರಿ. ನಾವು ಕೊಳ್ಳಲು ಹೊರಟದ್ದು ಇಬ್ಬರು ಮಕ್ಕಳು ಒಟ್ಟಿಗೆ ಕೂರುವ ಸ್ಟ್ರೋಲರ್.

ಕಲ್ಲಿಗೂ ಸ್ಟ್ರೋಲರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ನಮ್ಮನೆಯವರಿಂದ ಶುರುಮಾಡಬೇಕು. ಈಗೀಗ ನನ್ನ ಮಾತೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ನೀವು ಬೇಸರಿಸಿಕೊಳ್ಳುವುದಿಲ್ಲವೆಂದು ನಂಬಿದ್ದೇನೆ.

ಕಲಬುರಗಿಯ ನಮ್ಮ ಕೂಡು ಮನೆಯಲ್ಲಿ ಗಂಡಸರು ಹಿರಿಯರ ಎದುರಿಗೆ ತಮ್ಮ ಮಗುವನ್ನು ಎತ್ತಿಕೊಳ್ಳುವ ಪದ್ಧತಿ ಇರಲಿಲ್ಲ. ಅಣ್ಣನ ಮಗುವನ್ನು ಎತ್ತಿ ಆಡಿಸಬಹುದು, ಪಕ್ಕದ ಮನೆಯ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿ ಸುತ್ತಬಹುದು, ಆದರೆ ತನ್ನದೇ ಮಗು ಅಳುತ್ತಿದ್ದರೆ ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಲ್ಲಬೇಕು. ಹಾಗೆ ನಿಂತು ನಿಂತು ಇವರಿಗೆ ವರ್ಷದ ಹುಣ್ಣಿಮೆ ಅಮಾವಾಸ್ಯೆಗಳೆಲ್ಲ ಬಾಯಿಪಾಠವಾಗಿದ್ದವು. ನಿವೃತ್ತಿಯ ಮೇಲೆ ಮಗಳ ಮನೆಗೆಂದು ಹೈದರಾಬಾದಿಗೆ ಬಂದಾಗ ನಾಚಿಕೊಳ್ಳಬೇಕಾದ ಹಿರಿಯರು ಯಾರೂ ಉಳಿದಿರಲಿಲ್ಲ, ಇವರೇ ಎಲ್ಲರಿಗೂ ಹಿರಿಯರಾಗಿದ್ದರು. ಗೌರಿ ಹುಟ್ಟಿದ್ದೇ ತಡ, ಆ ಕೈಗಳು ಹಿಂದಿನಿಂದ ಮುಂದಕ್ಕೆ ಬಂದವು. ಸಂಜೆಯಾದರೆ ಅವಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ರೋ ಕಂಬಗಳವರೆಗೆ ಹೋಗಿ, ಎಳನೀರಿನ ಬಂಡಿಯವನೊಡನೆ ಒಂದಿಷ್ಟು ಹರಟಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು ನಿತ್ಯದ ನೇಮವಾಯಿತು. ನಾನೂ ಜೊತೆಗಿರುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವರು ಹೋದರು. ಅಂದಿನಿಂದ ಗೌರಿ ಕೆಳಗಿಳಿಯುವುದನ್ನು ಬಿಟ್ಟಳು. ಅಳಿಯ ಹೆಗಲ ಮೇಲೆ ಹಾಕಿಕೊಂಡು ಲಿಫ್ಟಿನ ಕಡೆಗೆ ನಡೆದರೆ ಸಾಕು, ಮೈಯೆಲ್ಲ ಕಟ್ಟಿಗೆ ಮಾಡಿಕೊಂಡು, ಉಸಿರು ಸಿಕ್ಕಿಕೊಳ್ಳುವಂತೆ ಅಳುತ್ತಿದ್ದಳು. ಅಜ್ಜನ ಹೆಗಲು ಬೇರೆ, ಅಪ್ಪನ ಹೆಗಲು ಬೇರೆ ಎಂದು ನಾವೆಲ್ಲ ಅರ್ಥ ಮಾಡಿಕೊಂಡೆವು. ನನಗೂ ಹೊರಗೆ ಹೋಗುವ ಮನಸ್ಸಿರಲಿಲ್ಲ. ಹೀಗೆ ಅಜ್ಜಿ ಮೊಮ್ಮಗಳಿಬ್ಬರೂ ಮಳೆಗಾಲದವರೆಗೆ ಫ್ಲ್ಯಾಟಿನೊಳಗೇ ಉಳಿದೆವು. ಗೌರಿ ಊಟ ಕಡಿಮೆ ಮಾಡಿದಳು, ಕಿಟಕಿಯ ಸರಳು ಹಿಡಿದು ನಿಲ್ಲುವುದನ್ನು ಕಲಿತಳು. ಇನ್ನೊಂದು ಕೂಸು ಬಂದ ಮೇಲೆ ಇವಳು ಇನ್ನಷ್ಟು ಮುದುಡಿಕೊಂಡರೆ ಏನು ಗತಿ ಎಂಬ ಚಿಂತೆ ಗೀತಾಳನ್ನು ಹಣ್ಣು ಮಾಡುತ್ತಿತ್ತು. ಅವಳು ಭಾರ ಎತ್ತುವಂತಿಲ್ಲ, ನನ್ನ ಮಣಿಕಟ್ಟಿನಲ್ಲಿ ಬಲವಿಲ್ಲ.

“ಎರಡು ಸೀಟಿಂದು ಸ್ಟ್ರೋಲರ್ ತರೋಣವ್ವಾ. ನಾ ಸಾಲಿಗೆ ಹೋದ ಮ್ಯಾಲೆ ಇಬ್ರನ್ನೂ ನೀನ ಕೆಳಗ ಕರ್ಕೊಂಡು ಹೋಗಬಹುದು,” ಎಂದಳು. ಶಾಲೆಯಲ್ಲಿ ಪಾಠ ಹೇಳುವವಳು, ಎಲ್ಲಕ್ಕೂ ಮೊದಲೇ ತಯಾರಿ.

“ಕೂಸು ಹುಟ್ಟೂದರೊಳಗ ತರ್ತಾರೇನ? ಖಾಲಿ ತೊಟ್ಟಿಲಾ ತೂಗಬಾರದು.”

“ಇದು ತೊಟ್ಟಿಲಲ್ಲ, ಗಾಡಿ!”

“ಕೂಸು ಮಲಗೂದೆಲ್ಲಾ ತೊಟ್ಟಿಲಾನ.”

“ಹಂಗಾರ ಗುಂಡಪ್ಪನ್ನ ಕೂಡಿಸಿ ತಳ್ಳು,” ಎಂದು ಅವಳು ಹಾಸ್ಯ ಮಾಡಿದಳು. ನಾನು ಹಾಸ್ಯವನ್ನು ನಿಜವಾಗಿಯೇ ತೆಗೆದುಕೊಂಡೆ.

ಗುಂಡಪ್ಪನೆಂದರೆ ಒಳಕಲ್ಲಿನ ಗುಂಡು. ಹೆಸರಿಡುವ ದಿನ ನಮ್ಮಲ್ಲಿ ಕೂಸಿಗಿಂತ ಮೊದಲು ಅವನನ್ನು ತೊಟ್ಟಿಲಿಗೆ ಹಾಕುತ್ತಾರೆ. ತೊಳೆದು, ಎಣ್ಣೆ ಹಚ್ಚಿ, ತಲೆಗೊಂದು ಕುಲಾವಿ ಕಟ್ಟಿ, ನಾಲ್ಕು ಮಂದಿ ಹೆಂಗಸರು ಜೋಗುಳ ಹಾಡಿ ತೂಗುತ್ತಾರೆ. ಬೀಳುವ ದೃಷ್ಟಿಯೆಲ್ಲ ಮೊದಲು ಕಲ್ಲಿಗೆ ಬೀಳಲಿ, ಕಲ್ಲಿನ ಗಟ್ಟಿತನ ಕೂಸಿಗೆ ಬರಲಿ ಎಂದು. ಮಿಕ್ಸರ್ ಬಂದ ಮೇಲೆ ಅಡಿಗೆಮನೆಯಲ್ಲಿ ಕೆಲಸ ಕಳೆದುಕೊಂಡ ನಮ್ಮ ಗುಂಡಪ್ಪನಿಗೆ ಹೀಗೆ ಪೇಟೆ ನೋಡುವ ಯೋಗ ಬಂತು.

ಅಂಗಡಿಯ ಹುಡುಗಿ ತೆಲುಗಿನವಳು. ನಾನು ಟವೆಲು ಬಿಚ್ಚಿ ಗುಂಡಪ್ಪನನ್ನು ಸೀಟಿನಲ್ಲಿ ಕೂರಿಸಿದಾಗ ಅವಳ ಕಣ್ಣುಗಳು ಅಗಲವಾದವು.

“ಅಮ್ಮಾ, ಇದಿ ರಾಯಿ ಕದಾ?” ಕಲ್ಲಲ್ಲವೇ ಇದು ಎಂದು ಕೇಳಿದಳು.

“ಹಾಂ ಬೇಟಾ, ಪತ್ಥರಿಚ್ ಹೈ,” ಎಂದು ನನಗೆ ಬರುವ ಹಿಂದಿಯಲ್ಲಿ ಒಪ್ಪಿಕೊಂಡು, ಗೀತಾಳ ಹೊಟ್ಟೆಯ ಕಡೆ ಕೈ ತೋರಿಸಿದೆ. ಹುಡುಗಿ ಬಹಳ ಗಂಭೀರವಾಗಿ ಬಗ್ಗಿ, ಕಲ್ಲಿಗೆ ಬೆಲ್ಟ್ ಹಾಕಿದಳು. ಗೀತಾ ಗೋಡೆಯ ಕಡೆ ತಿರುಗಿ ನಕ್ಕಳು. ಅವಳು ಹಾಗೆ ಹೆಗಲು ಕುಲುಕಿ ನಕ್ಕಿದ್ದನ್ನು ನೋಡಿ ಎಷ್ಟೋ ದಿನಗಳಾಗಿದ್ದವು.

ಸೀಟುಗಳು ಅಕ್ಕಪಕ್ಕ ಇರುವ ಗಾಡಿ ನನಗೆ ಮೊದಲ ನೋಟಕ್ಕೇ ಹಿಡಿಸಿತು; ಎತ್ತಿನ ಜೋಡಿಯ ಹಾಗೆ ಸಮನಾಗಿ ಸಾಗುತ್ತವೆ, ಯಾರು ಮುಂದೆ ಯಾರು ಹಿಂದೆ ಎಂಬ ಜಗಳವಿಲ್ಲ. ಆದರೆ ಗೀತಾ ನಮ್ಮ ಲಿಫ್ಟಿನ ಬಾಗಿಲಿನ ಅಗಲಕ್ಕೆ ಒಂದು ಲಾಡಿ ಕತ್ತರಿಸಿ ತಂದಿದ್ದಳು. ಗಾಡಿಗೆ ಹಿಡಿದಳು, ಲಾಡಿ ಸಾಲಲಿಲ್ಲ.

“ಇದು ಹೊಸ್ತಿಲಾ ದಾಟಂಗಿಲ್ಲ ಬಿಡವ್ವಾ.”

ಇನ್ನು ಉಳಿದದ್ದು ಒಂದರ ಹಿಂದೆ ಒಂದು ಸೀಟಿರುವ ಗಾಡಿ. ದೊಡ್ಡವಳು ಮುಂದೆ, ಚಿಕ್ಕದು ಹಿಂದೆ, ತಳ್ಳುವವರ ಕೈಗೆ ಹತ್ತಿರ. ಲಾಡಿ ಒಪ್ಪಿತು. ಗುಂಡಪ್ಪ ಹಿಂದಿನ ಸೀಟಿನಲ್ಲಿ ಕೂತ. ಗೌರಿಯನ್ನು ಮುಂದೆ ಕೂರಿಸಿ ನಾನು ಹಿಡಿಕೆಗೆ ಕೈ ಹಾಕಿದೆನೋ ಇಲ್ಲವೋ, ಅವಳು ಮತ್ತೆ ಕಟ್ಟಿಗೆಯಾದಳು. ಅಂಗಡಿಯೆಲ್ಲ ತಿರುಗಿ ನೋಡುವಂಥ ಅಳು.

ಗೀತಾಳ ಮುಖ ಇಳಿದುಹೋಯಿತು. “ಬ್ಯಾಡವ್ವಾ, ಸಾಕು. ಇಕಿ ಏನು ಮಾಡಿದ್ರೂ ಬರಂಗಿಲ್ಲ. ಮನಿಗೆ ಹೋಗೋಣ ನಡಿ.”

“ಈ ಸೀಟು ತಿಪ್ಪಚ್ಚು ಅಮ್ಮಾ,” ಎಂದು ಹುಡುಗಿ ನಡುವೆ ಬಂದಳು. ತಿರುಗಿಸಬಹುದಂತೆ. ಗೌರಿಯನ್ನು ಎತ್ತಲು ಗೀತಾಳಿಗೆ ಬಿಡದೆ ತಾನೇ ಕೆಳಗಿಳಿಸಿ, ಮುಂದಿನ ಸೀಟನ್ನು ಖಟ್ ಎಂದು ಕಳಚಿ, ನನ್ನ ಕಡೆ ಮುಖಮಾಡಿ ಕೂರಿಸಿದಳು. ಅಳುತ್ತಲೇ ಇದ್ದ ಗೌರಿಯನ್ನು ಮತ್ತೆ ಅದರಲ್ಲಿಟ್ಟಳು. ಅಳು ಅರ್ಧಕ್ಕೇ ನಿಂತಿತು. ಮೂಗು ಸೊರಸೊರ ಎಳೆಯುತ್ತ ಅವಳು ನನ್ನನ್ನೇ ನೋಡಿದಳು. ಆಮೇಲೆ ಎದುರಿಗಿದ್ದ ಕಲ್ಲನ್ನು ಕಂಡು, “ಗುಂಡಪ್ಪಾ, ಅಳಬ್ಯಾಡ,” ಎಂದಳು. ಅಳುತ್ತಿದ್ದವನು ಅವನೇ ಎನ್ನುವ ಹಾಗೆ. “ಆಯಿ, ನಡಿ.” ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ.

ನಾನು ನಡೆದೆ. ಅಂಗಡಿಯ ಆ ತುದಿಯಿಂದ ಈ ತುದಿಗೆ ತಳ್ಳುತ್ತ ಹೋಗುವಾಗ ನನಗೆ ತಿಳಿದದ್ದಿಷ್ಟು: ಮದುವೆಯಾದಂದಿನಿಂದ ನಾನು ನಮ್ಮನೆಯವರಿಗಿಂತ ಎರಡು ಹೆಜ್ಜೆ ಹಿಂದೆಯೇ ನಡೆದವಳು. ನಮ್ಮೂರಿನ ರೂಢಿ ಅದು, ಹೈದರಾಬಾದಿನ ಫುಟ್‌ಪಾತಿಗೆ ಬಂದರೂ ಕಾಲು ಬಿಡಲಿಲ್ಲ. ಹೆಗಲ ಮೇಲೆ ಹಾಕಿಕೊಂಡ ಕೂಸಿನ ಮುಖ ಯಾವಾಗಲೂ ಹಿಂದಕ್ಕೆ ಇರುತ್ತದೆ. ಅಂದರೆ ಆ ಎಲ್ಲ ಸಂಜೆಗಳಲ್ಲಿ ಗೌರಿಯ ಗಲ್ಲ ಅಜ್ಜನ ಹೆಗಲ ಮೇಲಿದ್ದರೆ, ಕಣ್ಣು ನನ್ನ ಮೇಲಿತ್ತು. ಅವರು ಹೋದ ಮೇಲೆ ಅವಳನ್ನು ಯಾರು ಎತ್ತಿಕೊಂಡು ಹೊರಟರೂ ನಾನು ಬಾಗಿಲಲ್ಲೇ ನಿಂತು ಕೈ ಬೀಸುತ್ತಿದ್ದೆ. ಹಿಂದಕ್ಕೆ ನೋಡುತ್ತಿದ್ದ ಮಗುವಿಗೆ ಕಾಣುತ್ತಿದ್ದದ್ದು ಹಿಂದೆ ಉಳಿದುಹೋಗುವ ನಾನು. ಒಬ್ಬರು ಇಲ್ಲವಾದದ್ದನ್ನು ಒಮ್ಮೆ ನೋಡಿದ ಮಗು ಇನ್ನೊಬ್ಬರನ್ನು ಬಿಟ್ಟು ಹೇಗೆ ಹೊರಟೀತು? ಅಂದು ಅಂಗಡಿಯವರೆಗೆ ಅವಳು ಅಳದೆ ಬಂದದ್ದೂ ನಾನು ಜೊತೆಗಿದ್ದೆನೆಂದೇ ಇರಬೇಕು. ಮಗುವಿನ ಮನಸ್ಸನ್ನು ಓದಬಲ್ಲೆನೆಂಬ ಹೆಮ್ಮೆ ನನಗಿಲ್ಲ. ಆದರೆ ಅವಳಿಗೆ ಅಜ್ಜನೊಬ್ಬನೇ ಬೇಕಾಗಿದ್ದಾನೆ, ನಾನು ಲೆಕ್ಕಕ್ಕಿಲ್ಲ ಎಂದುಕೊಂಡಿದ್ದ ನನ್ನ ಮನಸ್ಸನ್ನಂತೂ ಆ ಸೀಟು ತಿರುಗಿಸಿಬಿಟ್ಟಿತು.

ಆ ಗಾಡಿಯನ್ನೇ ತಂದೆವು. ಬಣ್ಣ ಯಾವುದಿರಬೇಕೆಂದು ಚರ್ಚಿಸಲು ಮರೆತಿದ್ದೆವು. ಬೂದು ಬಣ್ಣದ್ದು ಬಂದಿದೆ, ಇರಲಿ.

ಈಗ ಸಂಜೆಯಾದರೆ ನಾವಿಬ್ಬರೂ ಕೆಳಗಿಳಿಯುತ್ತೇವೆ. ಗುಂಡಪ್ಪನನ್ನು ಹೆಸರಿಡುವ ದಿನಕ್ಕೆಂದು ತೊಳೆದು ಎತ್ತಿಟ್ಟಿದ್ದೇನೆ. ಹಿಂದಿನ ಸೀಟು ಖಾಲಿ ಹೋಗಬಾರದೆಂದು ಮನೆಯಿಂದಲೇ ಒಂದು ತೆಂಗಿನಕಾಯಿ, ಬರುವಾಗ ಮೆಂತ್ಯದ ಕಟ್ಟು. ಗೌರಿ ಹಿಮ್ಮುಖವಾಗಿ ಸಾಗುತ್ತಾಳೆ, ನಾನು ಮುಮ್ಮುಖವಾಗಿ. ನಾನು ದಾಟಿ ಬಂದ ದಾರಿ ಅವಳಿಗೆ ಕಾಣುತ್ತದೆ, ಅವಳು ತಲುಪಬೇಕಾದ ದಾರಿ ನನಗೆ. ಇಷ್ಟು ತಿಂಗಳು ಹಿಂದಕ್ಕೆ ನೋಡುವುದೊಂದೇ ನನ್ನ ಕೆಲಸವಾಗಿತ್ತು. ಈಗ ಅದನ್ನು ಅವಳು ವಹಿಸಿಕೊಂಡಿದ್ದಾಳೆ, ಅದೂ ನನಗಿಂತ ಚುರುಕಾಗಿ. ಮುಂದೆ ಸ್ಪೀಡ್ ಬ್ರೇಕರ್ ಬಂದರೆ ನಾನು ಹೇಳುತ್ತೇನೆ, ಅವಳು ಎರಡೂ ಕೈಯಿಂದ ಪಟ್ಟಿ ಹಿಡಿದುಕೊಳ್ಳುತ್ತಾಳೆ.

ನಿನ್ನೆ ಏನೋ ನೆನಪಿನಲ್ಲಿ ನನ್ನ ಹೆಜ್ಜೆ ನಿಧಾನವಾಗಿತ್ತು.

“ಆಯೀ, ಹಿಂದ ಆಟೋ ಬಂತು! ಸರಿ, ಸರಿ!”

ಗಾಡಿಯನ್ನು ಗೋಡೆಯ ಬದಿಗೆ ಒತ್ತಿ ನಿಂತೆ. ಆಟೋ ನಮ್ಮ ಪಕ್ಕದಲ್ಲೇ ಹಾದು ಮುಂದೆ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಗೌರಿ ಕತ್ತು ಹೊರಳಿಸಿ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು.

“ಹೋತು. ಇನ್ನ ನಡಿ.”