ಫರ್ನೇಸಿನ ಪಕ್ಕದ ಗೋಡೆ

ಬಸವನಗುಡಿಯ ಕಾಲೇಜಿನಲ್ಲಿ ನಾನು ಸಂಶೋಧನೆಗೆ ಸೇರಿದಾಗ ನಮ್ಮ ಲ್ಯಾಬಿಗೊಬ್ಬರು ಅಟೆಂಡರ್ ಇದ್ದರು. ದಿನಾ ಓಕಳಿಪುರಂನ ಮನೆಯಿಂದ ಬಂದವರೇ ಚಪ್ಪಲಿ ಹೊರಗೆ ಬಿಟ್ಟು, ಫರ್ನೇಸೆಂಬ ವಿದ್ಯುತ್ ಕುಲುಮೆಯನ್ನು ಅಂಗೈಯಿಂದೊಮ್ಮೆ ಮುಟ್ಟಿ ಕೆಲಸ ಶುರುಮಾಡುತ್ತಿದ್ದರು. ಲಿಥಿಯಂ ಬ್ಯಾಟರಿಗೆಂದು ನಾನು ಲೋಹದ ತಗಡಿನ ಮೇಲೆ ಆಕ್ಸೈಡಿನ ತೆಳು ಪದರ ಕೂರಿಸಿ ಆ ಫರ್ನೇಸಿನಲ್ಲಿ ಸುಡುತ್ತಿದ್ದೆ. ಲಿಥಿಯಂ ಹೋಗಿಬರಲು ಆ ಪದರದ ತುಂಬ ಕಣ್ಣಿಗೆ ಕಾಣದ ತೂತುಗಳಿರಬೇಕು. ನಾನು ಫರ್ನೇಸಿನ ಬಾಗಿಲಿಗೆ ಕೈಹಾಕಿದಾಗಲೆಲ್ಲ ಅವರದು ಒಂದೇ ಮಾತು: "ತಡೀರಮ್ಮ, ಅದರ ಪಾಡಿಗೆ ತಣ್ಣಗಾಗ್ಲಿ."

ಒಂದು ಆಯುಧಪೂಜೆಗೆ ಅವರು ಫರ್ನೇಸಿಗೆ ಅರಿಸಿನ ಕುಂಕುಮ ಹಚ್ಚಿದರು. ಆ ವಾರ ನಾನು ತೆಗೆದ ಪದರ ಬಿರಿದು ಹಪ್ಪಳದಂತೆ ಎದ್ದಿತ್ತು.

"ನಿಮ್ಮ ಕುಂಕುಮ ಒಳಗೆ ಬಿದ್ದಿದೆ! ಓದದೇ ಇರೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ?" ಎಂದು ಎಲ್ಲರೆದುರು ಕೂಗಾಡಿದೆ. ನಮ್ಮಪ್ಪ ಹೆಬ್ಬೆಟ್ಟು ಒತ್ತುವವರು. ಮನೆಯಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ.

"ತಪ್ಪಾಯ್ತಮ್ಮ," ಎಂದು ಅವರು ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿದರು.

ಮುಂದಿನ ವರ್ಷದ ಆಯುಧಪೂಜೆಗೆ ಅವರು ಫರ್ನೇಸನ್ನು ಮುಟ್ಟಲಿಲ್ಲ. ಪಕ್ಕದ ಗೋಡೆಗೆ ಒಂದು ಕುಂಕುಮದ ಬೊಟ್ಟಿಟ್ಟು, "ಇಲ್ಲಿಟ್ರೆ ತೊಂದ್ರೆ ಇಲ್ವಲ್ಲಮ್ಮಾ?" ಎಂದರು. ನಾನು ತಲೆಯೆತ್ತದೆ "ಹೂಂ" ಎಂದೆ.

ಅವರು ನಿವೃತ್ತರಾದ ಮೇಲೆ ಪದರ ಮತ್ತೆ ಹಾಗೆಯೇ ಎದ್ದಿತು. ಈಗ ಕುಂಕುಮವಿರಲಿಲ್ಲ. ಸೆಮಿನಾರಿನ ಅವಸರದಲ್ಲಿ, ಬಿಸಿಯಿರುವಾಗಲೇ ಬಾಗಿಲು ತೆಗೆದಿದ್ದೆ. ಆ ಆಯುಧಪೂಜೆಯ ವಾರವೂ ಹಾಗೇ ತೆಗೆದಿದ್ದೆ.

ಅದನ್ನು ಹೇಳಲೆಂದೇ ಓಕಳಿಪುರಂಗೆ ಹೋದೆ. ಬಾಗಿಲು ತೆರೆದ ಅವರ ಮಗಳು, "ಲ್ಯಾಬಿನ ಅಮ್ಮಾವ್ರಾ? ನಿಮ್ಮ ಬ್ಯಾಟ್ರಿ ಆಯ್ತೋ ಇಲ್ವೋ ಅಂತಿದ್ರು ಅಪ್ಪ. ತೀರ್ಕೊಂಡು ಹದಿನೈದು ದಿನ ಆಯ್ತು," ಎಂದಳು.

ಮಾರನೆಯ ದಿನ ಫರ್ನೇಸು ತಾನಾಗಿ ತಣ್ಣಗಾಗುವವರೆಗೂ ನಾನು ಗೋಡೆಯ ಆ ಬೊಟ್ಟಿನೆದುರು ಕೂತಿದ್ದೆ.