ಕೋಶಗಳ ಊಟದ ದಿನ

ಟ್ಯೂರಿನ್‌ನ ಪ್ರೊಫೆಸರ್ ಒತ್ತಾವಿಯಾ ಬ್ರುನೆಂಗೊ ಅವರಿಗೆ ತಮ್ಮ ಹಸಿವು ಗೊತ್ತಾಗದಿದ್ದರೂ ನರಕೋಶಗಳ ಹಸಿವು ಮೂರು ಕೋಣೆಯಾಚೆಯಿಂದಲೇ ಗೊತ್ತಾಗುತ್ತಿತ್ತು ಎಂದು ಸಹಾಯಕಿ ಡೆಲ್ಫೀನಾ ನಗುತ್ತಿದ್ದಳು. ಕೋಳಿಮೊಟ್ಟೆಯ ಭ್ರೂಣದಿಂದ ತೆಗೆದ ಆ ಕೋಶಗಳಿಗೆ ಎರಡು ದಿನಕ್ಕೊಮ್ಮೆ ನರ ಬೆಳೆಸುವ ರಸ ಉಣಿಸಲೇಬೇಕು. ಇಲ್ಲವಾದರೆ ಚಾಚಿದ ಎಳೆಗಳು ಮುದುಡಿ ಸಾಯುತ್ತವೆ. “ಹೊತ್ತು ಮೀರಿ ಹಾಕಿದ ತುತ್ತು ನರಕ್ಕೆ ದಕ್ಕೋಲ್ಲ” ಎನ್ನುವುದು ಅವರ ಜಪ. ಗಾಜಿನ ತಟ್ಟೆಗಳಿಗಿರಲಿ, ಕಾಫಿ ಲೋಟಕ್ಕೂ ಛತ್ರಿಗೂ ತಾರೀಖು, ಗಂಟೆ ಬರೆದ ಚೀಟಿ ಅಂಟಿಸುತ್ತಿದ್ದರು. ಹತ್ತಿರದ ಅಸ್ತಿ ಎಂಬ ಊರಿನಿಂದ ತಂಗಿ ಎಲ್ದಾ ಪ್ರತಿ ಶನಿವಾರ ಫೋನ್ ಮಾಡುತ್ತಿದ್ದಳು: “ನಾಳೆ ಬಾರೇ ಅಕ್ಕಾ, ನಿನ್ನಿಷ್ಟದ ಅನ್ಯೊಲೋತ್ತಿ ಕಡುಬು ಮಾಡ್ತೀನಿ.” “ನಾಳೆ ಇವಕ್ಕೆ ಊಟದ ದಿನ ಕಣೇ, ಮುಂದಿನ ವಾರ ಖಂಡಿತ.” “ನಾನೂ ಕೋಳಿಮೊಟ್ಟೇಲೇ ಹುಟ್ಟಬೇಕಿತ್ತು ಬಿಡು!” ಎಲ್ದಾ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ ಪ್ರೊಫೆಸರ್ ನಿವೃತ್ತರಾದರು. ಪ್ರಯೋಗಾಲಯದ ಫ್ರಿಜ್ ಖಾಲಿ ಮಾಡುತ್ತಿದ್ದ ಡೆಲ್ಫೀನಾಗೆ ರಸದ ಸೀಸೆಗಳ ಹಿಂದೆ ಮುಚ್ಚಳ ತೆಗೆಯದ ಏಪ್ರಿಕಾಟ್ ಜಾಮಿನ ಬಾಟಲಿ ಸಿಕ್ಕಿತು. ಮೇಲೆ ಪ್ರೊಫೆಸರರ ಕೈಬರಹದ ಚೀಟಿ: “ಎಲ್ದಾ ಕಳಿಸಿದ್ದು. ಜುಲೈ ಹದಿನಾಲ್ಕು, ಹನ್ನೊಂದೂ ಇಪ್ಪತ್ತು. ಭಾನುವಾರ ಅವಳ ಜೊತೆ ತಿನ್ನಬೇಕು.” “ಎಸೀಲಾ, ಮೇಡಂ?” ಎಂದಳು. ಪ್ರೊಫೆಸರ್ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, “ಇವತ್ತು ಯಾವ ವಾರ, ಡೆಲ್ಫೀನಾ?” ಎಂದು ಕೇಳಿದರು. “ಭಾನುವಾರ, ಮೇಡಂ,” ಎಂದು ಡೆಲ್ಫೀನಾ ಎರಡು ಚಮಚ ತಂದಿಟ್ಟಳು.